ಒಣಗಬೇಕಾಗಿದ್ದ ಭತ್ತ

ಎಲ್ಲ ರಂಪಕ್ಕೂ ಕಾರಣ ಒಂದು ಕ್ಯಾನು. ದನದ ಆಸ್ಪತ್ರೆಯವರು ಹೋರಿಯ ವೀರ್ಯ ಕೆಡದಂತೆ ಊರೂರಿಗೆ ಒಯ್ಯುತ್ತಾರಲ್ಲ, ಅದೇ ಡೊಳ್ಳು ಹೊಟ್ಟೆಯ ಕ್ಯಾನು. ಒಳಗೆ ಮುಟ್ಟಿದ್ದನ್ನೆಲ್ಲ ಕಲ್ಲಾಗಿಸುವಷ್ಟು ತಣ್ಣಗಿನ ನೈಟ್ರೋಜನ್. ತಾವರಗೇರಾದ ಬಸವಕುಮಾರ ಆಸ್ಪತ್ರೆಯವರ ಕೈಕಾಲು ಹಿಡಿದು ಅದನ್ನು ಕಡ ತಂದಿದ್ದ. ಹೋರಿಗೂ ಅವನಿಗೂ ಸಂಬಂಧವಿಲ್ಲ. ಅವನು ಅದರಲ್ಲಿ ತುಂಬಿದ್ದು ಭತ್ತದ ಎಲೆ.

ಬಸವಕುಮಾರ ಸಂಶೋಧನೆ ಮಾಡುವ ಹುಡುಗ. ಮನೆಯ ಮಾಳಿಗೆಯ ಮೇಲೆ ಎರಡು ಸಾಲು ಕುಂಡಗಳಲ್ಲಿ ಭತ್ತ ಬೆಳೆಸಿದ್ದ. ಒಂದು ಸಾಲಿಗೆ ಹೊಟ್ಟೆ ತುಂಬ ನೀರು, ಇನ್ನೊಂದಕ್ಕೆ ಉಪವಾಸ. ನೀರಡಿಸಿದ ಎಲೆಯಲ್ಲಿ ಯಾವ ಜೀನು ಎಚ್ಚರಾಗುತ್ತದೆ, ಯಾವುದು ಮಲಗುತ್ತದೆ ಎಂಬುದನ್ನು ವಿಶ್ವವಿದ್ಯಾಲಯದ ಕೋರ್ ಲ್ಯಾಬಿನ ಮೈಕ್ರೋಅರೇ ಹೇಳಬೇಕು. ಗಾಜಿನ ಪಟ್ಟಿಯ ಮೇಲೆ ಸಾವಿರಾರು ಚುಕ್ಕೆಗಳು, ಒಂದೊಂದು ಜೀನಿಗೆ ಒಂದೊಂದು. ಆ ಜೀನು ನೀರಡಿಸಿದ ಎಲೆಯಲ್ಲಿ ಹೆಚ್ಚು ಎಚ್ಚರಾಗಿದ್ದರೆ ಕೆಂಪು, ನೀರುಂಡ ಎಲೆಯಲ್ಲಿ ಹೆಚ್ಚು ಎಚ್ಚರಾಗಿದ್ದರೆ ಹಸಿರು, ಎರಡರಲ್ಲೂ ಸಮನಾಗಿದ್ದರೆ ಹಳದಿ. ಎಲ್ಲ ವಿಭಾಗಗಳಿಗೂ ಸೇರಿ ಅದೊಂದೇ ಯಂತ್ರ. ಬಸವಕುಮಾರನ ಪಾಳಿ ಇವತ್ತು, ಸಂಜೆ ಐದರೊಳಗೆ.

"ಈ ಪಾಳಿ ತಪ್ಪಿತಂದ್ರ ಪಿಎಚ್‌ಡಿ ಮರ್ತುಬಿಡು. ಗಂಗಾವತ್ಯಾಗ ಅಕ್ಕಿ ಗಿರಣಿ ಭಾಳ ಅದಾವ," ಎಂದು ಅವನ ಗೈಡು ವಿರೂಪಾಕ್ಷಪ್ಪನವರು ಮೊದಲೇ ಹೇಳಿಬಿಟ್ಟಿದ್ದರು.

ಊರಲ್ಲಿ ಅವನ ಈ ಬೇಸಾಯ ಯಾರಿಗೂ ಸೇರಿರಲಿಲ್ಲ. ಪಕ್ಕದ ಮನೆಯ ಮುದುಕವ್ವನಿಗಂತೂ ಸುತರಾಂ ಇಲ್ಲ. "ಆ ಒಣಾ ಸಸಿ ನೋಡಿದ್ರ ನನಗ ಉಂಡ ಅನ್ನ ಮೈಗೆ ಹತ್ತವಲ್ದು, ತಮ್ಮಾ," ಎಂದು ದಿನವೂ ಗೋಳಾಡುತ್ತಿದ್ದಳು.

"ಒಣಗ್ಲಿ ಬಿಡಬೇ ಆಯಿ. ಅವು ಒಣಗಿದ್ರನ ನನಗ ಡಿಗ್ರಿ!"

ಬೆಳಗ್ಗೆ ಎಲೆ ಕೊಯ್ಯುವಾಗ, ನೀರಿಲ್ಲದೆ ಸುರುಳಿ ಸುತ್ತಿದ್ದ ಎಲೆಗಳು ಕೊಂಚ ಬಿಚ್ಚಿಕೊಂಡಂತೆ ಕಂಡವು. ಬೆಳಗಿನ ತಂಪಿಗೆ ಇರಬೇಕು ಅಂದುಕೊಂಡ. ಬಸ್ಸಿನ ಗಡಿಬಿಡಿಯಲ್ಲಿ ಹೆಚ್ಚು ನೋಡಲು ಪುರುಸೊತ್ತಾದರೂ ಎಲ್ಲಿತ್ತು?

ಬಸ್ಸಿನಲ್ಲಿ ಕ್ಯಾನಿನ ಬಾಯಿಂದ ಬಿಳಿ ಹೊಗೆ ಬಂತು. ಕಂಡಕ್ಟರು ಹೌಹಾರಿದ. "ಏ, ಗ್ಯಾಸು! ಇಳಸ್ರಿ ಅದನ್ನ!"

"ಗ್ಯಾಸ್ ಅಲ್ರಿ, ಭತ್ತದ ಎಲಿ," ಎಂದ ಬಸವಕುಮಾರ. ಹೊಗೆ ಬಿಡುವ ಭತ್ತವನ್ನು ಯಾರು ನಂಬಬೇಕು?

ಆಗ ಪಕ್ಕದ ಸೀಟಿನ ಅಲ್ಲಾಸಾಬ ಎಂಬ ರೈತ ಎದ್ದು ನಿಂತ. "ಸುಮ್ನಿರ್ರಿ! ದನದ ಡಾಕ್ಟರು ಇವರು. ಈ ಕ್ಯಾನು ನಾ ನೋಡೇನಿ." ಕಂಡಕ್ಟರು ತಣ್ಣಗಾದ, ಜನ ಸರಿದು ಜಾಗ ಕೊಟ್ಟರು. ಬಸವಕುಮಾರನೂ ಬಾಯಿಮುಚ್ಚಿಕೊಂಡು ಕುಳಿತ. ಅದೇ ತಪ್ಪಾಯಿತು.

ತನ್ನ ಊರು ಬಂದದ್ದೇ ತಡ, ಅಲ್ಲಾಸಾಬ ಕ್ಯಾನಿನ ಹಿಡಿಕೆಗೆ ಕೈ ಹಾಕಿದ. "ಇಳೀರಿ ಸಾಹೇಬ್ರ. ನಮ್ಮ ಎಮ್ಮಿ ನಿನ್ನಿಯಿಂದ ಬೆದಿಗಿ ಬಂದೈತಿ. ಇವತ್ತ ಬಿಟ್ರ ಹೊತ್ತು ಮೀರತೈತಿ."

"ನಾ ದನದ ಡಾಕ್ಟರ್ ಅಲ್ರೀ!"

"ಸರಕಾರದ ಪಗಾರ ತಿಂತೀರಿ, ಎಮ್ಮಿ ಅಂದ್ರ ಅಸಡ್ಡಿ!" ಎಂದು ಹಿಂದಿನಿಂದ ಒಬ್ಬಳು. ನೋಡನೋಡುತ್ತ ಇಡೀ ಬಸ್ಸು ಎಮ್ಮೆಯ ಪಕ್ಷವಾಯಿತು.

ಬಸವಕುಮಾರನಿಗೆ ರೋಷ ಉಕ್ಕಿತು. ಕ್ಯಾನನ್ನು ತಬ್ಬಿಕೊಂಡು ಬಸ್ಸಿನ ನಡುವೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಎಮ್ಮಿ ಅಲ್ಲ, ಆನಿ ಬಂದ್ರೂ ಮುಚ್ಚಳ ತೆಗಿಯಂಗಿಲ್ಲ! ಎಳೀರಿ ನೋಡೂಣು!"

"ಹಂಗಾದ್ರ ನೀ ಡಾಕ್ಟರ ಅಲ್ಲ," ಎಂದು ಅಲ್ಲಾಸಾಬ ತೀರ್ಪು ಕೊಟ್ಟ.

"ಡಾಕ್ಟರ್ ಅಲ್ಲಂದ್ರ ಗ್ಯಾಸ್ ಕೆಳಗ!" ಎಂದ ಕಂಡಕ್ಟರು. ಹುಡುಗ ಮತ್ತು ಕ್ಯಾನು ಇಬ್ಬರೂ ರಸ್ತೆಯ ಮೇಲಾದರು.

ಬಸವಕುಮಾರ ಬಿಡುವ ಪೈಕಿಯಲ್ಲ. ಸುಡುಬಿಸಿಲಲ್ಲಿ ಕ್ಯಾನು ಹೊತ್ತು ನಡೆದ. ಗಂಗಾವತಿಯಿಂದ ಅಕ್ಕಿ ಹೊತ್ತು ಬಂದ ಲಾರಿಗೆ ಅಡ್ಡ ನಿಂತು, ಬೈಸಿಕೊಂಡು, ಚೀಲಗಳ ಮೇಲೇರಿ ಕೂತ. ತಲೆತುಂಬ ಧೂಳು ಮೆತ್ತಿಕೊಂಡು ಕೋರ್ ಲ್ಯಾಬ್ ಮುಟ್ಟಿದಾಗ ಅಲ್ಲಿಯ ಮುಖ್ಯಸ್ಥೆ ಶೇಖರಮ್ಮ ಬಾಗಿಲು ಎಳೆಯುತ್ತಿದ್ದರು.

"ಟೈಮ್ ಆತು. ಮುಂದಿನ ವರ್ಷ ಬಾ."

ಅವನು ಬಾಗಿಲ ಸಂದಿಗೆ ಕಾಲು ತುರುಕಿದ. "ಬೇಕಾದ್ರ ನನ್ನ ಕಾಲು ಮುರೀರಿ ಮೇಡಂ, ಎಲಿ ಒಳಗ ಒಯ್ರಿ!"

ಶೇಖರಮ್ಮನಿಗೆ ನಗು ಬಂತು. ಎಲೆ ಒಳಗೆ ಹೋಯಿತು. ಬಸವಕುಮಾರನಿಗೆ ಜಗತ್ತನ್ನೇ ಗೆದ್ದಷ್ಟು ಖುಷಿಯಾಯಿತು.

ಲ್ಯಾಬಿನವರ ಕೆಲಸ ಮುಗಿದು ಚಿತ್ರ ಪರದೆಯ ಮೇಲೆ ಬಂದ ದಿನ ಅವನು ಕುರ್ಚಿಯ ತುದಿಯಲ್ಲಿ ಕೂತಿದ್ದ. ಕೆಂಪಿಲ್ಲ. ಹಸಿರಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಬರೀ ಹಳದಿ, ಅರಿಷಿಣ ಚೆಲ್ಲಿದಂತೆ.

"ಯಂತ್ರ ಸರಿ ಐತಿ," ಎಂದರು ಶೇಖರಮ್ಮ. "ಎರಡೂ ಸಸಿ ನೀರು ಕುಡದಾವ ನೋಡಪ."

ಬಸವಕುಮಾರ ಮನೆಗೆ ಫೋನು ಮಾಡಿ ಮುದುಕವ್ವನನ್ನು ಕರೆಸಿದ. "ಆಯಿ, ಖರೇ ಹೇಳು. ಒಣಾ ಕುಂಡಕ್ಕ ನೀರು ಹಾಕಿದ್ಯಾ?"

"ಹೂಂ ಹಾಕೀನಿ," ಮುದುಕವ್ವನ ದನಿಯಲ್ಲಿ ಅಳುಕೇ ಇರಲಿಲ್ಲ. "ನಾಳಿ ಊರಿಗೆ ಹೊಂಟಾನ, ಅವನ್ನ ಕೇಳೋರು ಯಾರು ಅಂತ ಹಿಂದಿನ ಸಂಜಿಮುಂದ ಕೊಡಗಟ್ಲೆ ಹೊಯ್ದೆ. ಗಟಗಟ ಕುಡದ್ವು, ಪಾಪ."

"ನನ್ನ ಡಿಗ್ರಿ ಮುಳುಗಿಸಿದಿ! ಮತ್ತ ಬಿತ್ತತೇನಿ, ಕೇಳಿಲ್ಲೆ! ಮಾಳಿಗಿ ಬಾಗ್ಲಕ್ಕ ಕೀಲಿ ಜಡೀತೇನಿ!"

"ಜಡಿಯಪ," ಎಂದಳು ಮುದುಕವ್ವ. "ನಮ್ಮ ಮಾಳಿಗಿ ನಿಮ್ಮ ಮಾಳಿಗಿಗೆ ಹತ್ತಿಕೊಂಡನ ಐತಿ. ಕೊಡಾ ಹೊತಗೊಂಡು ದಾಟಿ ಬರ್ತೇನಿ."