ತಿಮಿಂಗಿಲದ ನಾಲ್ಕನೇ ಭಾಗ

ಮಗಳ ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಬಾರದಿದ್ದ ಕಾಲದಲ್ಲಿ, ಬಾರಿನಲ್ಲಿ ಮದ್ಯ ಕಲೆಸುವ ಕಾಕ್‌ಟೇಲಣ್ಣ ಅವಳಿಗೊಂದು ಮಾತು ಕೊಟ್ಟಿದ್ದ. ಹಾರುವ ತಿಮಿಂಗಿಲದ ಕತೆಯ ನಾಲ್ಕನೇ ಭಾಗವನ್ನು ಇಬ್ಬರೂ ಒಟ್ಟಿಗೇ ಓದಬೇಕು. ಒಬ್ಬರನ್ನು ಬಿಟ್ಟು ಒಬ್ಬರು ಒಂದು ಪುಟವನ್ನೂ ತಿರುವಬಾರದು.

ಮೊದಲ ಮೂರು ಭಾಗಗಳನ್ನು ಹಾಸಿಗೆಯ ಮೇಲೆ ಬೋರಲು ಮಲಗಿ ಓದಿ ಮುಗಿಸಿದ್ದರು. ಆಕಾಶದಲ್ಲಿ ತೇಲುವ ಒಂದು ತಿಮಿಂಗಿಲ, ಅದರ ಬೆನ್ನ ಮೇಲೆ ಒಂದು ಇಡೀ ಊರು. ತಾವು ಕೂತಿರುವುದು ತಿಮಿಂಗಿಲದ ಮೇಲೆ ಅನ್ನುವುದು ಊರಿನವರಿಗೇ ಗೊತ್ತಿಲ್ಲ. ಬೀದಿದೀಪ ಹಚ್ಚುವ ಹುಡುಗಿಗೆ ಮಾತ್ರ ಗೊತ್ತು. ಮೂರನೇ ಭಾಗದ ಕೊನೆಯಲ್ಲಿ ತಿಮಿಂಗಿಲಕ್ಕೆ ಸುಸ್ತಾಗುತ್ತದೆ. ಅಷ್ಟರಲ್ಲಿ ಕಾಕ್‌ಟೇಲಣ್ಣನಿಗೆ ಬಾರಿನಲ್ಲಿ ಬಡ್ತಿ ಸಿಕ್ಕಿತು, ರಜೆಗಳು ಮಾಯವಾದವು. ಅವನು ಮನೆಗೆ ಬಂದಾಗ ಮಗಳು ನಿದ್ದೆ, ಅವಳು ಸ್ಕೂಲಿಗೆ ಹೊರಟಾಗ ಇವನು ನಿದ್ದೆ. ಇಬ್ಬರೂ ಸೇರಿ ಮಾಡಬೇಕಾದದ್ದು ಅಂತ ಉಳಿದಿದ್ದದ್ದು ಕಪಾಟಿನಲ್ಲಿದ್ದ ಆ ನಾಲ್ಕನೇ ಭಾಗ ಒಂದೇ.

ಹೀಗಿರುವಾಗ ಒಂದು ಬೆಳಿಗ್ಗೆ ಪಕ್ಕದ ಪುಸ್ತಕದಂಗಡಿಯ ಅಕ್ಕ ಬಾರಿನೊಳಗೆ ನುಗ್ಗಿದಳು.

"ಇವತ್ತು ಸಂಜೆ ನಮ್ಮಂಗಡೀಲಿ ಕಾರ್ಯಕ್ರಮ. ಮಕ್ಕಳಿಗೆ ಯಾವ ಮಾಯಾಲೋಕದ ಕಾದಂಬರಿ ಕೊಡಿಸ್ಬೇಕು ಅಂತ ಅಪ್ಪ ಅಮ್ಮಂದಿರಿಗೆ ಹೇಳೋದು. ಸುಮ್ನೆ ಕರೆದ್ರೆ ಹಲ್ಲು ಕೀಳಿಸ್ಕೊಳ್ಳೋಕೆ ಬಂದವರ ಥರ ಕೂತಿರ್ತಾರೆ. ಒಂದೊಂದು ಪುಸ್ತಕಕ್ಕೂ ಒಂದೊಂದು ಕಾಕ್‌ಟೇಲು ಕೊಟ್ಟುಬಿಡಪ್ಪ. ಮಕ್ಕಳಿಗೆ ಅದೇ ಬಣ್ಣದ ಜ್ಯೂಸು."

ಮಾಟಗಾತಿಯ ಪುಸ್ತಕಕ್ಕೆ ಹೊಗೆ ವಾಸನೆಯ ವಿಸ್ಕಿ, ಹಿಮರಾಜ್ಯಕ್ಕೆ ಪುದೀನ ಅಂತ ಅವನು ಪಟಪಟನೆ ಹೇಳಿಬಿಟ್ಟ.

"ಕೊನೇದು ತಿಮಿಂಗಿಲದ ನಾಲ್ಕನೇ ಭಾಗ" ಎಂದಳು ಅಕ್ಕ. "ಅದರ ಕೊನೇ ಅಧ್ಯಾಯಕ್ಕೆ ತಕ್ಕ ಹಾಗಿರ್ಬೇಕು ನೋಡು. ಏನಾಗುತ್ತೆ ಅಂದ್ರೆ..."

ಕಾಕ್‌ಟೇಲಣ್ಣ ಮಿಕ್ಸಿಯ ಗುಂಡಿ ಒತ್ತಿದ. ಐಸ್ ಗಡಗಡನೆ ಪುಡಿಯಾಯಿತು. ಅಕ್ಕನ ಬಾಯಿ ಅಲ್ಲಾಡುವುದು ನಿಂತ ಮೇಲೆ ಗುಂಡಿ ಬಿಟ್ಟ.

"ಕತೆ ಬೇಡ ಅಕ್ಕ. ಸಿಹಿನೋ ಹುಳಿನೋ, ಅಷ್ಟು ಹೇಳಿ ಸಾಕು."

"ಸಿಹಿ" ಎಂದಳು ಅಕ್ಕ, ಇವನಿಗೇನಾಗಿದೆ ಎಂಬಂತೆ ನೋಡುತ್ತಾ.

"ಸಿಹಿಯಂತೆ ಸಿಹಿ!" ಎಂದ ರೇಡಿಯೊ. ಅವನು ಬಾರಿನ ಸಪ್ಲೈಯರ್. ನಿದ್ದೆಯಲ್ಲೂ ಬಾಯಿ ಮುಚ್ಚದ ಆಸಾಮಿ. "ಉಪ್ಪು ಕಣಣ್ಣ, ಉಪ್ಪು! ನಮ್ಮಕ್ಕನ ಮಗನಿಗೆ ಓದಿ ಹೇಳ್ತಾ ಹೇಳ್ತಾ ನಾನೇ ಅತ್ಬಿಟ್ಟೆ. ಆ ಹುಡುಗಿ ನೆಲಕ್ಕೆ ಕಿವಿ ಇಟ್ಟಾಗ..."

ಮಿಕ್ಸಿ ಮತ್ತೆ ಗಡಗಡಿಸಿತು. ಒಳಗಿನಿಂದ ಯಜಮಾನರು ಓಡಿಬಂದರು.

"ಏನಯ್ಯಾ ಇದು, ಐಸ್ ಫ್ಯಾಕ್ಟರಿ ಇಟ್ಟಿದೀಯಾ? ತಿಮಿಂಗಿಲದ್ದಾ? ಕಹಿ ಹಾಕು. ನನ್ನ ಮಗ ಅದನ್ನ ಓದಿ ಎರಡು ದಿನ ಊಟ ಬಿಟ್ಟಿದ್ದ. ಯಾಕೆ ಅಂದ್ರೆ..."

ಗಡಗಡ.

ಮಧ್ಯಾಹ್ನದ ಹೊತ್ತಿಗೆ ಪಾತ್ರೆ ಬಕೆಟ್ಟುಗಳೆಲ್ಲ ಐಸ್‌ಪುಡಿಯಿಂದ ತುಂಬಿ ಬಾರು ಹಿಮರಾಜ್ಯದಂತೆ ಕಾಣುತ್ತಿತ್ತು. ಒಬ್ಬೊಬ್ಬರ ಮಾತಿಗೂ ಒಂದೊಂದು ಗ್ಲಾಸು ಕಲೆಸಿದ್ದಾಯಿತು. ರುಚಿ ನೋಡುವ ಹೊಣೆಯನ್ನು ರೇಡಿಯೊ ತಾನೇ ತಲೆಯ ಮೇಲೆ ಹಾಕಿಕೊಂಡ. ಆಮೇಲೆ ಅವನ ಸ್ಟೇಷನ್ ಮುಚ್ಚಲೇ ಇಲ್ಲ. "ಅಣ್ಣಾ, ಒಂದೇ ಒಂದು ಮಾತು ಕೇಳಣ್ಣಾ, ಆ ತಿಮಿಂಗಿಲ ಏನ್ಮಾಡ್ತು ಗೊತ್ತಾ..." ಎಂದು ತೊದಲುತ್ತಾ ಮೇಜಿನಿಂದ ಮೇಜಿಗೆ ಅಟ್ಟಿಸಿಕೊಂಡು ಬಂದ. ಕಾಕ್‌ಟೇಲಣ್ಣ ಉಗ್ರಾಣಕ್ಕೆ ಹೊಕ್ಕು ಚಿಲಕ ಹಾಕಿಕೊಂಡು, ಅಲ್ಲೇ ಸಿಹಿ, ಉಪ್ಪು, ಕಹಿ ಮೂರನ್ನೂ ಒಂದೇ ಗ್ಲಾಸಿಗೆ ಸುರಿದ. ನೀಲಿ ಮದ್ಯ, ಮೇಲೆ ಮೋಡದಂಥ ಬಿಳಿ ನೊರೆ. ಕುಡಿದು ನೋಡಿದ. ನಾಲಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತಬ್ಬಿಬ್ಬಾಯಿತು. ಸದ್ಯ, ಕತೆಯ ಕೊನೆ ಮಾತ್ರ ಇನ್ನೂ ಗೊತ್ತಿಲ್ಲ ಎಂದು ಎದೆ ಸವರಿಕೊಂಡ.

ಸಂಜೆ ಪುಸ್ತಕದಂಗಡಿ ಕಿಕ್ಕಿರಿದಿತ್ತು. ಹಲ್ಲು ಕೀಳಿಸಿಕೊಳ್ಳುವ ಮುಖಗಳೆಲ್ಲ ಎರಡನೇ ಗ್ಲಾಸಿಗೆ ಅರಳಿ, ಹಿಮರಾಜ್ಯವನ್ನು ಕಂತೆಗಟ್ಟಲೆ ಕೊಳ್ಳುತ್ತಿದ್ದವು. ಕೊನೆಗೆ ನೀಲಿ ಗ್ಲಾಸುಗಳು ಹೊರಟವು. ಅಕ್ಕ ಮೈಕು ಹಿಡಿದಳು.

"ಈ ಪುಸ್ತಕದ ಬಗ್ಗೆ ನಾನು ಹೇಳಲ್ಲ. ನಮ್ಮಂಗಡಿಯ ಅತಿ ದೊಡ್ಡ ಓದುಗಾರ್ತಿ ಹೇಳ್ತಾಳೆ, ಕೊನೇವರೆಗೂ."

ಕಾಕ್‌ಟೇಲಣ್ಣನ ಕೈ ಮಿಕ್ಸಿಗಾಗಿ ತಡಕಾಡಿತು. ಮಿಕ್ಸಿ ಬಾರಿನಲ್ಲೇ ಉಳಿದಿತ್ತು. ಎರಡೂ ಕಿವಿಗೆ ಬೆರಳು ತುರುಕಿ ತಲೆಯೆತ್ತಿದ.

ಮೈಕಿನ ಮುಂದೆ ಅವನ ಮಗಳು ನಿಂತಿದ್ದಳು.

ಅವಳೂ ಅಪ್ಪನನ್ನು ಕಂಡಳು. ಪಕ್ಕದ ಬಾರಿನಲ್ಲಿರಬೇಕಾದ ಅಪ್ಪ ಇಲ್ಲಿ, ಕಿವಿ ಮುಚ್ಚಿಕೊಂಡು! ಅವಳ ಮುಖ ಬಿಳಚಿಕೊಂಡಿತು. ಜನ ಕಾಯುತ್ತಿದ್ದರು. ಅವಳು ಕಣ್ಣು ಮುಚ್ಚಿ ಶುರುಮಾಡಿದಳು.

ಗಿಜಿಗುಡುತ್ತಿದ್ದ ಅಂಗಡಿ ಒಂದೊಂದೇ ಮೂಲೆಯಾಗಿ ಸುಮ್ಮನಾಯಿತು. ಗ್ಲಾಸುಗಳು ತುಟಿಯ ಹತ್ತಿರವೇ ನಿಂತವು. ಅಮಲೇರಿದ ರೇಡಿಯೊ ಕೂಡ ಬಾಯಿ ತೆರೆದುಕೊಂಡು, ಆದರೆ ಸದ್ದಿಲ್ಲದೆ, ನಿಂತಿದ್ದ. ಇವಳು ಇಷ್ಟು ಎತ್ತರ ಯಾವಾಗ ಬೆಳೆದಳು? ಕಾಕ್‌ಟೇಲಣ್ಣನ ಬೆರಳುಗಳು ಅವನನ್ನು ಕೇಳದೆಯೇ ಕಿವಿಯಿಂದ ಜಾರಿದವು.

"...ಅದಕ್ಕೆ ಹಾರೋಕೆ ಆಗ್ತಾನೇ ಇರ್ಲಿಲ್ಲ. ಆದ್ರೂ ಬೀಳ್ಲಿಲ್ಲ. ರಾತ್ರಿಯೆಲ್ಲಾ ನಿಧಾನಕ್ಕೆ ಇಳೀತು. ಒಂದು ದೀಪಾನೂ ಆರಬಾರದು, ಒಂದು ಮಗೂನೂ ಏಳಬಾರದು, ಅಷ್ಟು ನಿಧಾನ. ಬೆಳಿಗ್ಗೆ ಜನ ಕಿಟಕಿ ತೆಗೆದು, ಅರೆ, ಸಮುದ್ರ ಇಷ್ಟು ಹತ್ರ ಇತ್ತಾ ಅಂದ್ರು, ಅಷ್ಟೇ. ಆ ಹುಡುಗಿ ಒಬ್ಬಳೇ ನೆಲಕ್ಕೆ ಕಿವಿ ಇಟ್ಳು. ಎದೆಬಡಿತ ನಿಂತಿತ್ತು. ಊರು ದ್ವೀಪ ಆಗಿತ್ತು."

ಚಪ್ಪಾಳೆ ಬಿತ್ತು, ಪುಸ್ತಕಗಳಿಗೆ ಕೈಗಳು ಮುಗಿಬಿದ್ದವು. ನೀಲಿ ಗ್ಲಾಸನ್ನು ಮಾತ್ರ ಯಾರೂ ಎರಡನೇ ಸಲ ಕೇಳಲಿಲ್ಲ.

ಮಗಳು ಮೆಲ್ಲಗೆ ಕೌಂಟರಿನ ಹತ್ತಿರ ಬಂದಳು.

"ಅಪ್ಪಾ... ತುಂಬಾ ದಿನ ಕಾದೆ. ಹೋದ ವರ್ಷ ಒಂದೇ ಒಂದು ಪುಟ ಅಂತ ತೆಗ್ದೆ."

"ಕಪಾಟಲ್ಲಿರೋದು ಮುಟ್ಟಿದ ಹಾಗೇ ಇಲ್ವಲ್ಲೇ?"

"ಅದು ಎರಡನೇ ಪ್ರತಿ. ಮೊದಲ್ನೇದು ಓದಿ ಓದಿ ಹರಿದೋಯ್ತು." ಅವಳು ಕಣ್ಣು ಕಿರಿದು ಮಾಡಿದಳು. "ಕಿವಿ ಮುಚ್ಕೊಂಡಿದ್ಯಲ್ಲ, ಏನೂ ಕೇಳಿಸ್ಲಿಲ್ಲ ತಾನೇ?"

"ಒಂದಕ್ಷರಾನೂ ಇಲ್ಲ" ಎಂದ ಕಾಕ್‌ಟೇಲಣ್ಣ, ನೊರೆಯ ಗ್ಲಾಸನ್ನು ಒರೆಸುತ್ತಾ, ಕಣ್ಣನ್ನೂ ಒರೆಸಿಕೊಳ್ಳುತ್ತಾ.

ಒಬ್ಬರನ್ನು ಬಿಟ್ಟು ಒಬ್ಬರು ಓದುವುದಿಲ್ಲ ಎಂಬ ಮಾತು ಮುರಿದಿತ್ತು. ಮುರಿದು ಒಂದು ವರ್ಷದ ಮೇಲಾಗಿತ್ತು.