ಮೂಲೆ ಹರಿದ ಶುಭಾಶಯ

ಶುಭಾಶಯದ ಕಾರ್ಡು ಮಾಡುವುದು ಕಷ್ಟವೇನಲ್ಲ. ರಬ್ಬರಿನಲ್ಲಿ ಎಲೆ ಕೆತ್ತಿ, ಬಣ್ಣಕ್ಕೆ ಅದ್ದಿ, ದಪ್ಪ ಕಾಗದದ ಮೇಲೆ ಒತ್ತಿದರೆ ಮುಗಿಯಿತು ಎಂದು ವಿಡಿಯೊದಲ್ಲಿ ಒಬ್ಬಾಕೆ ನಗುನಗುತ್ತ ಹೇಳಿದ್ದಳು. ಎಂ.ಎ. ಓದಿದ ನನಗೆ ಒಂದು ಎಲೆ ಕೆತ್ತಲು ಬಾರದೆ!

ದಸರೆಗೆ ವಾರವಿತ್ತು. ಚಿತ್ತಾಪುರದ ಅಂಚಿನಲ್ಲಿರುವ ನಮ್ಮ ಮನೆಯ ಕಿಟಕಿಯಾಚೆ ತೊಗರಿ ಹೂ ಬಿಡಲು ತೊಡಗಿತ್ತು. ಹೊಲದ ಮೇಲೆ ಯಾರೋ ಅರಿಶಿನ ಜರಡಿ ಹಿಡಿದಂತಿತ್ತು. ಅಂಥ ಬಿಸಿಲಿನಲ್ಲಿ ಸುಮ್ಮನೆ ಕುಳಿತರೆ ನನಗೆ ತೆಂಗಳಿಗೆ ಮದುವೆಯಾಗಿ ಹೋದ ಅಕ್ಕ ನೆನಪಾಗುತ್ತಾಳೆ. ಮೂರು ವರ್ಷದಿಂದ ಅವಳು ಬಂದಿಲ್ಲ, ನಾನು ಕರೆದಿಲ್ಲ. ನಮ್ಮ ಗೃಹಪ್ರವೇಶದ ದಿನ ಊಟದ ನಡುವೆ ಎದ್ದು ಹೋದವಳು. ಯಾಕೆ ಹೋದಳು? ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಳೆಯ ಡೈರಿ ತೆರೆದೆ. "ಅಕ್ಕ ಸಿಟ್ಟಾಗಿ ಹೋದಳು. ಕಾರಣ ನಾಳೆ ಬರೆಯುತ್ತೇನೆ" ಎಂದಿತ್ತು. ಮರುದಿನದ ಪುಟ ಖಾಲಿ!

ಕಾರಣ ಏನೇ ಇರಲಿ, ಈ ಸಲ ಬನ್ನಿ ಕೊಡಲು ಅಕ್ಕ ಬರಲೇಬೇಕು. ಫೋನಿನಲ್ಲಿ ಕರೆಯೋಣವೆಂದರೆ ನಂಬರು ಒತ್ತುವ ಮೊದಲೇ ಫೋನು ಕೆಳಗಿಡುತ್ತೇನೆ. ಅವಳು ಹೊಸ್ತಿಲ ಮೇಲೆ ಕುಳಿತು ನನ್ನ ಕಾರ್ಡನ್ನು ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ಆಗದಿದ್ದುದೂ ನನಗೆ ಬಹಳ ಸ್ಪಷ್ಟವಾಗಿ ಕಾಣಿಸುತ್ತದೆ. ಅದೇ ನನ್ನ ತೊಂದರೆ.

ಎರಡು ತಾಸು ಕೆತ್ತಿ, ಮೊದಲ ಅಚ್ಚನ್ನು ಹೆಂಡತಿ ಸರೋಜಾಳ ಮುಂದೆ ಹಿಡಿದೆ.

"ಹಲ್ಲಿ ಭಾಳ ಚಂದ ಬಂದದ್ರಿ."

"ಅದು ಎಲಿ."

"ಎಲಿಗಿ ಬಾಲ ಯಾಕದ?"

"ಅದು ತೊಟ್ಟು!"

ಅಂಗಡಿಯಲ್ಲಿ ಕಚೇರಿಯ ನೇರಳೆ ಇಂಕು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ನನಗೆ ಬೇಕಾದದ್ದು ಉದುರುವ ಎಲೆಯ ಕಂದು. ಪಾನ್ ಅಂಗಡಿಯಿಂದ ಕಾಚು ತಂದು ಕಲಸಿದೆ. ನಿಜ ಹೇಳಬೇಕೆಂದರೆ, ನಮ್ಮ ಕಡೆ ದಸರೆಗೆ ಎಲೆ ಉದುರುವುದೇ ಇಲ್ಲ. ಅಂಗಳದ ಬೇವು ಹಸಿರಾಗಿ ನಿಂತು ನನ್ನನ್ನೇ ನೋಡುತ್ತಿತ್ತು. ನಾನು ಬೇವನ್ನು ಬಿಟ್ಟು ವಿಡಿಯೊವನ್ನು ನಂಬಿದೆ.

ಕಾಗದಕ್ಕೆ ಹಳೆಯ ಕಳೆ ಬರಲೆಂದು ಡಬ್ಬಿಯ ಚಹಾಪುಡಿಯನ್ನೆಲ್ಲ ಕುದಿಸಿ, ಪರಾತದಲ್ಲಿ ಸುರಿದು, ಕಾಗದ ನೆನೆಸಿದೆ. "ಕೊನೆಗೆ ಒಂದು ಮೂಲೆಯನ್ನು ಕೈಯಿಂದ ಹರಿಯಿರಿ, ಎಷ್ಟು ಸೊಗಸು ನೋಡಿ" ಎನ್ನುತ್ತಿದ್ದಂತೆ ವಿಡಿಯೊದಾಕೆ ನನ್ನ ಫೋನಿನ ಸಮೇತ ಜಾರಿ ಚಹಾದಲ್ಲಿ ಮುಳುಗಿದಳು! ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತೆ. ಆಕೆಯ ಕೊನೆಯ ಮಾತನ್ನು ಮಾತ್ರ ಗೌರವದಿಂದ ಪಾಲಿಸಿದೆ. ಮೂಲೆ ಹರಿದೆ. ಕಾರ್ಡು ಮಡಿಚಿ ಒಳಗೆ, "ಹಳೆಯದೆಲ್ಲ ಉದುರಿಹೋಗಲಿ. ಬಾ ಅಕ್ಕಾ" ಎಂದು ಬರೆದು, ಹೊರಗೆ ನಮ್ಮ ಮನೆಯ ವಿಳಾಸವನ್ನೂ ಹಾಕಿ, ಸರೋಜಾ ಸಂತೆಗೆ ಹೋದ ಹೊತ್ತು ನೋಡಿ ಅಂಚೆಗೆ ಹಾಕಿ ಬಂದೆ.

ಐದನೆಯ ದಿನ ಮನೆಯ ಮುಂದೆ ಟಂಟಂ ಆಟೊ ನಿಂತಿತು. ಇಳಿದವಳು ಅಕ್ಕ! ಹಿಂದೆ ಅವಳ ಗಂಡ, ನಮ್ಮ ಮಾಮಾ. ಅಕ್ಕನ ಕಣ್ಣಲ್ಲಿ ಧಾರಾಕಾರ ನೀರು. ಆಹಾ, ಒಂದು ಎಲೆಗೆ ಇಷ್ಟು ಶಕ್ತಿಯೇ!

"ನನ್ನ ಬಿಟ್ಟು ಹೆಂಗ ಹೋದ್ಯೋ ತಮ್ಮಾ!"

ನಾನು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತೆ. "ಬಂದಿ ಏನಕ್ಕಾ?"

ಅಕ್ಕ ಕಿಟಾರನೆ ಕಿರುಚಿದಳು. ಮಾಮಾನ ಕೈಯಿಂದ ಚೆಂಡುಹೂವಿನ ದೊಡ್ಡ ಹಾರ ಕೆಳಗೆ ಬಿತ್ತು. ಮರುಕ್ಷಣ ನನ್ನ ಬೆನ್ನಿಗೆ ಗುದ್ದು ಬಿತ್ತು.

"ಜೀವಂತ ಇದ್ದೀ ಏನೋ! ಮೂಲಿ ಹರದ ಕಾಗದ ಸಾವಿಗಿ ಕಳಸ್ತಾರಂತ ನಿಂಗ ಗೊತ್ತಿಲ್ಲೇನು? ಫೋನ್ ಹಚ್ಚಿದ್ರ ಬಂದ್! ಸರೋಜಾಗ ಹಚ್ಚಲಿಕ್ಕ ನನಗ ಧೈರ್ಯ ಆಗ್ಲಿಲ್ಲ."

ಗೊತ್ತಿತ್ತು. ಚಿಕ್ಕವನಿದ್ದಾಗ ಅಂಥ ಎಷ್ಟು ಕಾಗದಗಳನ್ನು ಅವ್ವ ನೋಡಿ ಹರಿದೆಸೆದಿಲ್ಲ! ನೆನಪು ಸರಿಯಾದ ಹೊತ್ತಿಗೆ ರಜೆ ಹಾಕಿತ್ತು.

"ಒಳಗ ಬರದದ್ದು ಓದಬೇಕಿಲ್ಲೇನಕ್ಕಾ?"

"ಅಂಥಾದ್ದು ಯಾರರ ಓದ್ತಾರೇನು? ಹರದು ಒಗದು ಬಂದೀನಿ."

"ಮುಂಜಾನಿಂದ ಚಾ ಸೈತ ಕುಡದಿಲ್ಲ" ಎಂದು ಮಾಮಾ ಕುಳಿತರು. ನಾನು ಬದುಕಿದ್ದು ಅವರಿಗೆ ಅಷ್ಟೇನೂ ಉಪಯೋಗವಾದಂತೆ ಕಾಣಲಿಲ್ಲ.

"ಚಾಪುಡಿ ಎಲ್ಲಾ ಕಾಗದಕ್ಕ ಕುಡಿಸ್ಯಾರ್ರಿ, ತರ್ರಿ ಅಂದ್ರ ಇನ್ನಾ ತಂದಿಲ್ಲ" ಎಂದಳು ಸರೋಜಾ.

ಅಕ್ಕ ಕಿಟಕಿಯ ಬಳಿ ಕುಳಿತು ನೀರು ಕುಡಿದಳು. ಹೊರಗೆ ತೊಗರಿ ಮೆಲ್ಲಗೆ ತೂಗುತ್ತಿತ್ತು. ಧೈರ್ಯ ಮಾಡಿ ಕೇಳಿದೆ, "ಗೃಹಪ್ರವೇಶದ ದಿನ ಯಾಕ ಸಿಟ್ಟಾಗಿ ಹೋದಿ?"

"ಸಿಟ್ಟಾ? ತೆಂಗಳಿ ಬಸ್ ತಪ್ತದಂತ ಓಡಿದ್ದೆ! ಮೂರು ವರ್ಷ ಆತು, ತಮ್ಮ ಒಮ್ಮಿ ಬಾ ಅಂತಾನೇನಂತ ಹಾದಿ ನೋಡ್ಲಿಕತ್ತೀನಿ."

ನಾನು ಹಳೆಯ ಡೈರಿ ತೆಗೆದು, ಆ ಖಾಲಿ ಪುಟದಲ್ಲಿ "ಬಸ್" ಎಂದು ಬರೆದೆ.

"ಬನ್ನಿ ಕೊಟ್ಟ ಮ್ಯಾಲೇ ಹೋಗ್ತೀನಿ" ಎಂದು ಅಕ್ಕ ಎದ್ದು, ಬಾಗಿಲಲ್ಲಿ ಬಿದ್ದಿದ್ದ ಹಾರ ಕೊಡವಿದಳು.

"ಅಕ್ಕಾರ, ಅದು ಸಾವಿನ ಹಾರ!" ಎಂದು ಸರೋಜಾ ಹೌಹಾರಿದಳು.

"ಅಂವಾ ಎಲ್ಲಿ ಸತ್ತಾನ? ನಾಳಿ ಗಾಡಿ ಪೂಜಿ ಅದ, ಇರ್ಲಿ."

ಮದುವೆಯಾದ ಮೇಲೆ ನನ್ನ ಹೆಸರಿನಲ್ಲಿ ಬಂದ ಒಂದೇ ಒಂದು ಹಾರ. ಮರುದಿನ ಅದನ್ನೂ ನಮ್ಮ ಸ್ಕೂಟರ್ ಹಾಕಿಕೊಂಡಿತು!