ಹೃದಯಕೋಶದ ವಿದ್ಯುತ್ ಅಳೆಯುವಾಗ ಬಾಗಿಲು ಬಡಿದ ಬಗ್ಗೆ

ಜೀವಕೋಶ ವಿದ್ಯುತ್ ವಿಭಾಗ
ಸಂಖ್ಯೆ: ಜೀ.ವಿ.ವಿ/ಸದ್ದು/43

ವಿಷಯ: ಮೂರನೇ ಮಹಡಿಯಲ್ಲಿ ಹೃದಯದ ಸ್ನಾಯುಕೋಶವೊಂದು ಅಕಾಲಿಕವಾಗಿ ತೀರಿಕೊಂಡ ಕುರಿತು.

ಉಲ್ಲೇಖ: ಸಂಶೋಧಕಿಯವರ ಮೌಖಿಕ ದೂರು (ಅರ್ಧ ಅಳು, ಅರ್ಧ ಬೈಗುಳ).

ಹೃದಯದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಅದಕ್ಕೆ ಸ್ಪಂದಿಸಿ ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಅದನ್ನು ಅಳೆಯಲು ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯನ್ನು ಕೋಶಕ್ಕೆ ಅಂಟಿಸಿ ಅಲುಗಾಡದೆ ಕೂರಬೇಕಾಗುತ್ತದೆ. ಹನ್ನೊಂದು ದಿನ ಸೋತ ಸಂಶೋಧಕಿಯವರಿಗೆ ಮಂಗಳವಾರ ಬೆಳಿಗ್ಗೆ ಕೋಶವೊಂದು ಒಲಿದಿತ್ತು. ಪರದೆಯ ಮೇಲೆ ಆ ವಿದ್ಯುತ್ತನ್ನು ತೋರಿಸುವ ಗೆರೆ ಬಾಗತೊಡಗಿದ ಕ್ಷಣದಲ್ಲೇ ಬಾಗಿಲು ಧಡಾರನೆ ಬಡಿಯಿತು. ಸೂಜಿ ಜಾರಿತು, ಕೋಶ ಸುರುಟಿಕೊಂಡು ಸತ್ತಿತು.

ಆರೋಪವು ಪಡಸಾಲೆಯಲ್ಲಿದ್ದ ಅಟೆಂಡರ್ ಅವರ ಮೇಲೆ ಬಂದಿದ್ದು, ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

ಸಂಶೋಧಕಿ: “ಹನ್ನೊಂದು ದಿನ ಅಣ್ಣಾ! ಇನ್ನೆರಡು ನಿಮಿಷ ತಡ್ಕೊಳ್ಳೋಕಾಗ್ಲಿಲ್ವಾ?”

ಅಟೆಂಡರ್: “ದೇವ್ರಾಣೆ ನಾನಲ್ಲ ಮೇಡಂ. ಎರಡೂ ಕೈಯಲ್ಲಿ ನೀರಿನ ಕ್ಯಾನಿತ್ತು, ಮೂಗಿಂದ ಬಾಗಿಲು ಬಡೀಲಾ?”

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಕೋಶ ಜೀವಂತವಿರುವಷ್ಟು ಹೊತ್ತು ಮೂರನೇ ಮಹಡಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯತಕ್ಕದ್ದು.

2. ಸೀನು ಬಂದವರು ಎರಡನೇ ಮಹಡಿಗಿಳಿದು ಸೀನತಕ್ಕದ್ದು. ಮೆಟ್ಟಿಲಲ್ಲೇ ಸೀನಿದಲ್ಲಿ ಅದು ಯಾವ ಮಹಡಿಗೆ ಸೇರಿದ ಸೀನೆಂಬುದನ್ನು ಉಪಸಮಿತಿ ತೀರ್ಮಾನಿಸುವುದು.

3. ಬಿಕ್ಕಳಿಕೆಗೆ ಅರ್ಧ ದಿನದ ರಜೆ ಮಂಜೂರಾಗಿದೆ. ನಟನೆಯ ಬಿಕ್ಕಳಿಕೆಗೆ ಇದು ಅನ್ವಯಿಸದು.

4. ಸಿಬ್ಬಂದಿಯ ಸ್ವಂತ ಹೃದಯಗಳು ಸದರಿ ಮಹಡಿಯಲ್ಲಿ ಮೆಲ್ಲಗೆ ಬಡಿದುಕೊಳ್ಳತಕ್ಕದ್ದು. ಈ ಕಾರಣಕ್ಕಾಗಿ ಬಡ್ತಿ ಪಟ್ಟಿಯನ್ನು ಅಲ್ಲಿ ಅಂಟಿಸತಕ್ಕದ್ದಲ್ಲ.

ಮುಂದುವರಿದ ವಿಚಾರಣೆಯಲ್ಲಿ, ಬಾಗಿಲು ಬಡಿದವರು ‘ನಿಶ್ಶಬ್ದ’ ಎಂಬ ಫಲಕ ತೂಗುಹಾಕಲು ಬಂದಿದ್ದ ಕೆಳಸಹಿದಾರರೇ, ಅಂದರೆ ಇದಕ್ಕೆ ಕೆಳಗೆ ಸಹಿ ಮಾಡಿರುವ ಅಧೀಕ್ಷಕರೇ, ಎಂದು ತಿಳಿದುಬಂದಿದೆ. ಅಟೆಂಡರ್ ಅವರಲ್ಲಿ ಕ್ಷಮೆ ಕೋರಲಾಗಿದೆ. ಅವರು “ಇರ್ಲಿ ಬಿಡಿ ಸಾರ್, ಮೂಗಾದ್ರೂ ಉಳೀತಲ್ಲ” ಎಂದಿರುವುದು ಕಡತದಲ್ಲಿದೆ. ಸಂಶೋಧಕಿಯವರೂ ಅವರಲ್ಲಿ ಕ್ಷಮೆ ಕೇಳಿದ್ದು, ಕೆಳಸಹಿದಾರರನ್ನು ಇನ್ನೂ ಮಾತನಾಡಿಸಿರುವುದಿಲ್ಲ.

ಇಂದು ಗುರುವಾರ, ಅಟೆಂಡರ್ ಅವರು ಬಾಗಿಲಿಗೆ ಬೆನ್ನು ಕೊಟ್ಟು ಮೂರು ಗಂಟೆ ಕಾಲ ಕುಳಿತು, ಕೆಳಸಹಿದಾರರೂ ಸೇರಿದಂತೆ ಯಾರನ್ನೂ ಒಳಬಿಟ್ಟಿಲ್ಲ. ಹನ್ನೊಂದೂಮುಕ್ಕಾಲಿಗೆ ಹೊಸ ಕೋಶದ ಗೆರೆ ಬಾಗಿತು, ವಿದ್ಯುತ್ ದಾಖಲಾಗಿದೆ. ಯಾರೂ ಚಪ್ಪಾಳೆ ತಟ್ಟತಕ್ಕದ್ದಲ್ಲ. ಕೋಶ ಇನ್ನೂ ಬದುಕಿದೆ.

ಸಹಿ/- (ಪೆನ್ಸಿಲಿನಲ್ಲಿ, ಮೆಲ್ಲಗೆ)
ವಿಭಾಗದ ಅಧೀಕ್ಷಕರು

ಪ್ರತಿಗಳು:
1. ಅಟೆಂಡರ್ ಅವರಿಗೆ, ಗೌರವಪೂರ್ವಕವಾಗಿ.
2. ಸಂಶೋಧಕಿಯವರಿಗೆ, ಬೇರೆಯವರ ಕೈಯಲ್ಲಿ.
3. ಸೂಚನಾ ಫಲಕಕ್ಕೆ, ಮೊಳೆ ಹೊಡೆಯದೆ, ಅಂಟಿನಿಂದ.